ದಾರಿ ಬಿಡ್ರಿ

ಮೂವತ್ತೊಂದು ವರ್ಷ ಒಂದ ಮಾತು ಒದರೀನಿ,
ರಿಕ್ಷಾದ ಮ್ಯಾಲ ಎರಡು ಭೋಂಗಾ ಕಟ್ಟಿ,
ಕಾಲಾಗ ಬ್ಯಾಟರಿ, ಬಾಯಾಗ ಲವಂಗ:
ಬರ್ತಾರ, ಬರ್ತಾರ, ರೇವಪ್ಪಣ್ಣ ಬರ್ತಾರ,
ಸಂಜೀ ಆರಕ್ಕ, ಮೈಂದರಗಿ ಚೌಕಕ್ಕ.
ಒಮ್ಮೆ ಕನ್ನಡದಾಗ, ಒಮ್ಮೆ ಮರಾಠಿಯಾಗ.
ಆರಂದ್ರ ಒಂಬತ್ತಕ್ಕ ಬರ್ತಿದ್ರು, ಅದು ಬ್ಯಾರೆ.
ಮಂದಿ ಮಾತ್ರ ಐದಕ್ಕೇ ಬಂದು ಕುಂತಿರತಿತ್ತು.

ನಾ ಅವರ ಪಾರ್ಟಿಯವ ಅಲ್ಲ.
ಭಾಡಿಗಿ ಕೊಟ್ರ ಎದುರಿನವರದೂ ಒದರೀನಿ,
ಲಗ್ನ, ಉರುಸು, ಕಳದ ಎಮ್ಮಿ, ಪೋಲಿಯೋ ಹನಿ.
ಆದರ ಅವರ ಹೆಸರು ಬಂತಂದ್ರ
ಗಂಟಲ ತಾನ ಪೇಟಿಯ ಕರಿ ಎರಡಕ್ಕ ಏರತಿತ್ತು.

ಏನು ಮಾಡ್ಯಾರ ಅಂತೀರೇನು?
ಹುಡುಗೀರ ಸಾಲಿಗೆ ಕನ್ನಡ ಮಾಸ್ತರನ್ನ ತಂದಾರ,
ಮುಂಬೈದಾಗ ಮೂರು ದಿನ ಯಾವನದೋ ಬಾಗಲ ಮುಂದ ಕುಂತು.
ನನ್ನ ತಂಗಿ ಝೈತುನಳ ಹೆರಿಗಿಗೆ ರಾತ್ರಿ ಎರಡಕ್ಕ ಜೀಪ ಕಳಿಸ್ಯಾರ.
ಸಕ್ಕರಿ ಫ್ಯಾಕ್ಟರಿ ಪಗಾರ ಹದಿನಾಲ್ಕು ತಿಂಗಳು ಬಾಕಿ ಇಟ್ಟಾರ,
ಅದೂ ಅವರದ, ಅಳಿಯನ ಹೆಸರಿಲೆ.
ಎರಡೂ ಲೆಕ್ಕ ಊರಿಗೆ ಗೊತ್ತದ.
ಆ ಪಗಾರ ಸಿಗದ ಮಾನಪ್ಪನ ಎದಿ ಮ್ಯಾಲ
ಅವರದ ಹೆಸರು ಹಚ್ಚಿ ಹಾಕಿಸಿದ್ದದ,
ರೇವಪಣ್ಣ ಅಂತ, ಒಂದು ಒತ್ತು ಬಿಟ್ಟು.

ನಿನ್ನೆ ಮುಂಜಾನೆ ಎದಿ ಹಿಡಕೊಂಡ್ರಂತ.
ಸೋಲಾಪುರದಿಂದ ಬಿಳಿ ಗಾಡಿ ಬಂತು.
ವಾಡೇದಿಂದ ಚೌಕಕ್ಕ ಇನ್ನೂರು ಹೆಜ್ಜಿ,
ಗಾಡಿ ಒಂದು ತಾಸು ತಗೊಂಡಿತು.
ಬಾನೆಟ್ಟಿನ ಮ್ಯಾಲ ದರ್ಗಾದ ಹಸಿರು ಚಾದರ,
ಮಠದ ಅಂಗಾರ, ಒಡದ ಕಾಯಿಯ ನೀರು,
ಕೂಸಿನ ಗಲ್ಲ ಕಾಜಿಗೆ ಒತ್ತಿ ನಿಂತ ಹೆಣಮಗಳು.
ಮಾನಪ್ಪ ಗಾಲಿ ಮುಂದ ಅಡ್ಡ ಮಲಗಿದ:
ನನ್ನ ಮ್ಯಾಲ ಹಾಯಿಸಿಕೊಂಡು ಒಯ್ರಿ, ಅಣ್ಣನ್ನ ಕಳಸಂಗಿಲ್ಲ.
ಡ್ರೈವರ್, ಹೊರಗಿನ ಹುಡುಗ, ಕೈ ಮುಗದು ಅಳ್ಲಾಕತ್ತಿದ.

ಅವರ ಮಗಳು ಓಡಿ ಬಂದಳು.
ಲಾಡ್ಲೇಸಾಬ, ಮೈಕ ಹಚ್ಚು. ನಿನ್ನ ಮಾತು ಕೇಳ್ತಾರ.

ದಾರಿ ಬಿಡ್ರಿ, ಅಂದೆ.
ಬಾಜೂಕ ಸರೀರಿ.
ದನಿ ಕೇಳಿದ್ದ ತಡ
ಬಜಾರದ ಓಣಿಯಿಂದ, ಹಿಟ್ಟಿನ ಗಿರಣಿಯಿಂದ, ಮಸೂತಿ ಕಟ್ಟಿಯಿಂದ
ಇನ್ನಷ್ಟು ಮಂದಿ ಓಡಿ ಬಂತು.
ತಪ್ಪು ಅವರದಲ್ಲ.
ಈ ದನಿ ಕೇಳಿದ್ರ ಕೂಡಬೇಕು ಅಂತ
ಮೂವತ್ತೊಂದು ವರ್ಷ ಕಲಿಸಿದವ ನಾನು.
ಚದರೋದು ಹ್ಯಾಂಗಂತ ಒಂದಿನಾನೂ ಹೇಳಿಲ್ಲ.

ಆಗ ಒಳಗಿಂದ ಕಾಜು ಬಡದ ಸಪ್ಪಳ.
ಬಾಗಲ ತಗದ್ರು. ಮೂಗಿಗೆ ನಳಿ.
ಟೊಪಿಗಿ ಇಲ್ಲದ ತಲಿ ಊರು ಅವತ್ತೇ ನೋಡಿದ್ದು,
ಕೂಸಿನ ನೆತ್ತಿಯಂಗ ಬೋಳು, ಮೆತ್ತಗ.
ತಾ ಅಂತ ಬೆರಳು ಆಡಿಸಿದ್ರು.
ಬಾಯಿ ಹತ್ರ ಮೈಕ ಹಿಡದೆ. ಮೊದಲು ಬರೇ ಉಸರು,
ಎರಡೂ ಭೋಂಗಾದಾಗ ಉಸರು,
ಹಸಿ ಕಟಿಗಿಯಾಗ ಗರಗಸ ಸಿಕ್ಕೊಂಡಂಗ.
ಊರು ಗಪ್ಪಾತು.
ಆಮ್ಯಾಲ:
ಬರ್ತೀನಿ.
ತುಸು ತಡದು: ಯೇತೋ.

ನಮ್ಮಲ್ಲಿ ಹೋಗ್ತೀನಿ ಅಂತ ಯಾರೂ ಅನ್ನಂಗಿಲ್ಲ.
ಕನ್ನಡದಾಗೂ ಇಲ್ಲ, ಮರಾಠಿಯಾಗೂ ಇಲ್ಲ.
ಗಡಿ ಸಲುವಾಗಿ ಎಷ್ಟು ಬಡದಾಡಿದ್ರೂ
ಎರಡೂ ಭಾಷಾ ಇದೊಂದು ಸುಳ್ಳು ಕೂಡೇ ಹೇಳ್ತಾವ.

ಮಾನಪ್ಪ ಎದ್ದ. ಅಂಗಿ ಜಾಡಿಸಿಕೊಂಡ.
ಚಪ್ಪಲಿ, ಹೂವು, ಕಾಯಿಚಿಪ್ಪು ಬಿಟ್ಟು
ಮಂದಿ ಎರಡು ಹೋಳಾತು. ಗಾಡಿ ಹೋತು.

ಮೈಕಿನ ಜಾಳಗಿಗೆ ಅಂಗಾರ ಹತ್ತೇದ. ಒರಸಿಲ್ಲ.
ಸೋಲಾಪುರದಿಂದ ಇನ್ನೂ ಫೋನ್ ಬಂದಿಲ್ಲ.
ಇವತ್ತು ಯಾರೂ ಒದರಿಲ್ಲ, ನಾನೂ ಒದರಿಲ್ಲ,
ಆದ್ರೂ ಐದಕ್ಕೇ ಮಂದಿ ಬಂದು ಚೌಕದಾಗ ಕುಂತದ.
ಎಷ್ಟಕ್ಕ ಬರ್ತಾರ, ಅಂತ ನನ್ನ ಕೇಳ್ತದ.

ತಲಿ ಎತ್ತದ
ಬ್ಯಾಟರಿಗೆ ನೀರು ಹಾಕ್ಲಾಕತ್ತೀನಿ.