ಎಂಟನೇ ರೀಲು

ಬೇರೆ ಊರಲ್ಲೆಲ್ಲ ವಾರಕ್ಕೇ ಎತ್ತಿದ ಪಿಚ್ಚರು.
ದಾವಣಗೆರೆಯಲ್ಲಿ ಮಾತ್ರ ಸೆಕೆಂಡ್ ಶೋಗೆ
ಮಂಡಕ್ಕಿ ಭಟ್ಟಿಯವರು ಬರುತ್ತಿದ್ದರು,
ರೆಪ್ಪೆ ಮೇಲೆ ಮಸಿ, ಮಡಿಲಲ್ಲಿ ಬಿಸಿ ಬಿಸಿ ಮಂಡಕ್ಕಿ.

ಮೊದಲ ರಾತ್ರಿಯೇ ಆಪರೇಟರ್ ಬುಡೇನ್ ಸಾಬ್
ಐದರ ಜಾಗಕ್ಕೆ ಎಂಟನೇ ರೀಲು ಹಾಕಿದ್ದ, ನಿದ್ದೆಗಣ್ಣು.
ಹೀರೋ ಸತ್ತ. ಹೆಣ ಎತ್ತಿದರು.
ಆಮೇಲೆ ಸೈಕಲ್ಲಲ್ಲಿ ಬಂದು
ಅವಳಿಗೆ ಕನಕಾಂಬರ ಕೊಟ್ಟ.
ಗಾಂಧಿ ಕ್ಲಾಸಲ್ಲಿ ಒಬ್ಬರೂ ಕೂಗಲಿಲ್ಲ.
ಹೆಂಗಸರ ಬೆಂಚಿಂದ, ವರ್ಷದ ಹಿಂದೆ
ಗಂಡನ್ನ ಮಣ್ಣು ಮಾಡಿದ್ದ ಹಾಲಮ್ಮ
ಮೆಲ್ಲಗೆ ಅಂದಳು:
ಬಂದ ನೋಡು.

ಮರುದಿನ ಸರಿಮಾಡಿದ.
ಸೀಟು ಕಿತ್ತರು.

ಹಾಗಾಗಿ ಹದಿನಾಲ್ಕು ವರ್ಷ,
ಭಟ್ಟಿ ಆರಿಸುವ ಅಮಾವಾಸ್ಯೆಗೆಲ್ಲ
ನಮ್ಮಲ್ಲಿ ನಾಲ್ಕಾದ ಮೇಲೆ ಎಂಟು.
ಪ್ರಿಂಟಿನ ಮೈತುಂಬ ಗೀರು;
ಧ್ವನಿ ನುಂಗಿದ ಕಡೆ
ಮಾತೆಲ್ಲ ಬೆಂಚಿನವರೇ ಆಡುತ್ತಿದ್ದರು,
ಹೆಣ ಎತ್ತುವಾಗ ಎದ್ದು ನಿಲ್ಲುತ್ತಿದ್ದರು.

ಥಿಯೇಟರು ಈಗ ಸೀರೆ ಗೋದಾಮು.
ಮೊನ್ನೆ ಒಬ್ಬ ಹುಡುಗ ಹುಡುಕಿಕೊಂಡು ಬಂದ:
ಅಂಕಲ್, ಪೂರ್ತಿ ಪ್ರತಿ ಸಿಕ್ಕಿದೆ,
ತೊಳೆದು ಒರೆಸಿ ಇಟ್ಟಿದ್ದೇವೆ.
ಫೋನಲ್ಲಿ ತೋರಿಸಿದ.
ಒಂದು ಗೀರಿಲ್ಲ. ಎಲ್ಲ ಸಾಲಾಗಿ ಇದೆ.
ಕನಕಾಂಬರ ಕೊಟ್ಟ, ಮದುವೆಯಾದ, ಸತ್ತ.
ಸತ್ತೇ ಹೋದ.

ಹದಿನಾಲ್ಕು ವರ್ಷ ಟಾರ್ಚು ಹಿಡಿದು
ಕತ್ತಲಲ್ಲಿ ಜನರನ್ನ ಕೂರಿಸಿದವನು ನಾನು.
ಇದಲ್ಲ ತಮ್ಮಾ, ಅಂದೆ.
ಇದು ಬೇರೆ ಯಾವುದೋ.