ಙ

ಕ ಖ ಗ ಘ ಮುಗಿದ ಮೇಲೆ
ಮೂಗಿನಿಂದ ಒಮ್ಮೆ ಅಂದು ಬಿಟ್ಟುಬಿಟ್ಟ ಅಕ್ಷರ.
ಅದರಿಂದ ಶುರುವಾಗುವ ಒಂದು ಮಾತೂ ನಮಗೆ ಸಿಕ್ಕಿರಲಿಲ್ಲ.
ಗೋಡೆಯ ಪಟದಲ್ಲಿ ಕಮಲಕ್ಕೆ ಕಮಲ, ಗಡಿಯಾರಕ್ಕೆ ಗಡಿಯಾರ;
ಇದರ ಚೌಕ ಮಾತ್ರ ಖಾಲಿ.

ಸಿಕ್ಕಿದ್ದು ಇಲ್ಲಿ, ವರ್ಮಾಂಟಿನಲ್ಲಿ,
ಮಾರ್ಚ್ ತಿಂಗಳ ಕೆಸರಿನಲ್ಲಿ
ಹಳೆಯ ಬಿಳಿ ವ್ಯಾನಿನ ಸ್ಟಿಯರಿಂಗ್ ಹಿಂದೆ:
ಙುನ್ ತ್ಯಾಲ್.
ಙುನ್ ಅಂದರೆ ಅವಳ ಚಿನ್ ಮಾತಿನಲ್ಲಿ ಬೆಳ್ಳಿ.
ಲೈಸೆನ್ಸ್ ಕಚೇರಿಯಲ್ಲಿ ಅವಳನ್ನು 'ನನ್, ನನ್' ಎಂದು ಕೂಗುತ್ತಾರೆ,
ಅವಳು ಎದ್ದು ಹೋಗುತ್ತಾಳೆ.
ಪಕ್ಕದಲ್ಲಿ ಕೂತ ನನಗೆ
ಯಾರೋ ಏನನ್ನೋ ತನ್ನದೆಂದು ಹಟ ಹಿಡಿದಂತೆ ಕೇಳುತ್ತದೆ.

ವ್ಯಾನಿನ ಹಿಂದೆ ಅಕ್ಕಿ ಮೂಟೆ, ಒಣಮೆಣಸು,
ಹೆಪ್ಪುಗಟ್ಟಿಸಿದ ಪುಂಡಿ ಸೊಪ್ಪು,
ಮತ್ತೆ ಙಪಿ. ಅದೇ ಅಕ್ಷರ, ಮೀನು ಕೊಳೆಸಿ ಅರೆದದ್ದು.
ಎರಡು ಮುಚ್ಚಳ, ಮೇಲೊಂದು ಪ್ಲಾಸ್ಟಿಕ್ಕು ಬಿಗಿದರೂ
ವಾಸನೆ ನಮಗಿಂತ ಮೊದಲೇ ಮೆಟ್ಟಿಲು ಹತ್ತಿರುತ್ತದೆ.

ಈರುಳ್ಳಿಯ ಹೆಸರಿಟ್ಟುಕೊಂಡ ನದಿಯ ದಂಡೆಗೆ
ಒಂದು ಗಿರಣಿ ಇತ್ತಂತೆ, ಈಗ ಅದರ ತುಂಬ ಬಾಡಿಗೆ ಮನೆ.
ಎರಡನೇ ಮಹಡಿಯಲ್ಲಿ ಒಂಬತ್ತು ಕರೆನ್ ಸಂಸಾರ,
ಬಾಗಿಲಾಚೆ ಹಿಮದ ಬೂಟು, ಬೂಟಿನೊಳಗೆ ಹವಾಯಿ ಚಪ್ಪಲಿ.
ನಾ ಮೂ ಪ್ಲೇ ಸ್ನಾನದ ಮನೆಯ ಟ್ಯೂಬ್‌ಲೈಟಿಗೆ
ಪುಂಡಿ ಸಸಿ ಎಬ್ಬಿಸಿದ್ದಾಳೆ.
ಸ್ನಾನ ಮಾಡುವವರು ಸರದಿಯಲ್ಲಿ ಬಕೆಟ್ಟು ಎತ್ತಿಡಬೇಕು.

ದಕ್ಷಿಣಕ್ಕೆ, ಅಮೃತಶಿಲೆ ಅಗೆದು ಬಿಟ್ಟ ಊರಲ್ಲಿ
ನಾಲ್ಕು ಚಿನ್ ಮನೆ. ಅವರ ಪ್ರಾರ್ಥನೆ ಚರ್ಚಿನ ನೆಲಮಾಳಿಗೆಯಲ್ಲಿ
ಮಧ್ಯಾಹ್ನ ಎರಡರ ಮೇಲೆ, ಮೇಲಿನವರು ಮುಗಿಸಿದ ನಂತರ.
ಪೂರ್ವಕ್ಕೆ ಒಂದೇ ಮನೆ, ಅದರಲ್ಲೂ ಅರ್ಧ:
ಮಿ ಚಾನ್ ರಾತ್ರಿಯೆಲ್ಲ ಯಾರದೋ ಅಜ್ಜಂದಿರ ಮಗ್ಗುಲು ಬದಲಿಸಿ
ಬೆಳಗ್ಗೆ ಪರದೆ ಎಳೆದು ಮಲಗುತ್ತಾಳೆ.
ಅವಳ ಪಾಲನ್ನು ಮೆಟ್ಟಿಲ ಮೇಲೇ ಇಟ್ಟು ಬರಬೇಕು.
ಆಚೆಯ ತಿರುವಿನ ಹಸಿರು ಮನೆಯವರು
ಅಯೋವಾದ ಮಾಂಸದ ಕಾರ್ಖಾನೆಗೆ ಹೋಗಿ ವರ್ಷವಾಯಿತು.
ಅಲ್ಲಿ ಙುನ್ ತ್ಯಾಲ್ ಗೇರು ಇಳಿಸುತ್ತಾಳೆ,
ಮತ್ತೆ ಏರಿಸುತ್ತಾಳೆ.

ಸರ್ಕಾರದ ನಕ್ಷೆಯಲ್ಲಿ ಇವರೆಲ್ಲರಿಗೂ ಒಂದೇ ಬಣ್ಣ,
ಒಂದೇ ಹೆಸರು: ಬರ್ಮೀಸ್.

ಉತ್ತರದ ಕೊನೆಗೆ ಆ ಬಣ್ಣವೂ ಇಲ್ಲ.
ಎಣಿಸಲು ಬಂದವರು ಬಾಗಿಲು ಬಡಿದಾಗ
ಹ್ಲೈಂಗ್ ಬ್ವಾ ಕೊಟ್ಟಿಗೆಯಲ್ಲಿದ್ದ,
ಇನ್ನೂರು ಹಸುಗಳ ಸದ್ದಿನ ನಡುವೆ.
ಅವನದು ಬಯಲು ಸೀಮೆ, ಇರಾವದಿಯ ದಂಡೆ,
ಇವಳದು ಬೆಟ್ಟ.
ಅವನಿಗೆ ಇವಳ ಮಾತು ಬಾರದು.
ಇಬ್ಬರಿಗೂ ಬರುವುದೊಂದೇ ಭಾಷೆ,
ಇವಳ ಅಪ್ಪನ ಬೆನ್ನಿಗೆ ಪಡೆಯ ಅಕ್ಕಿ ಹೇರಿ
'ನಡಿ' ಅಂದ ಭಾಷೆ.
ಅಪ್ಪ ನಡೆದ. ಮೂರನೇ ದಿಣ್ಣೆಯ ತನಕ ನೋಡಿದವರಿದ್ದಾರೆ.

ಹ್ಲೈಂಗ್ ಬ್ವಾ ಬೂಟಿನ ಲೇಸನ್ನು ಸಿಪಾಯಿಯಂತೆ
ಎರಡು ಸುತ್ತು ಸುತ್ತಿ ಕಟ್ಟುತ್ತಾನೆ.
ಆ ವರ್ಷಗಳಲ್ಲಿ ಎಲ್ಲಿದ್ದೆ ಎಂದು
ಅವಳು ಕೇಳಿಲ್ಲ. ಅವನೂ ಹೇಳಿಲ್ಲ.
'ಸಾ ಪಿ ಬೀ ಲಾ?' ಎನ್ನುತ್ತಾಳೆ ಬಾಗಿಲು ತೆಗೆಯುತ್ತ.
ಊಟ ಆಯ್ತಾ? ಅಷ್ಟೇ ಅರ್ಥ.
'ಆಯ್ತು' ಎನ್ನುತ್ತಾನೆ, ಆಗಿರುವುದಿಲ್ಲ.

ಅವಳು ಮೂಟೆಯ ಮೂಲೆ ಹಿಡಿಯುವ ಮೊದಲೇ
ಅವನು ಬೆನ್ನು ಬಗ್ಗಿಸಿ ನಿಂತಿರುತ್ತಾನೆ.
ಇಪ್ಪತ್ತೈದು ಕಿಲೋ. ಮೊಣಕಾಲುದ್ದ ಕೆಸರು.
ಕೊಟ್ಟಿಗೆಯ ತನಕ ಒಮ್ಮೆಯೂ ಇಳಿಸುವುದಿಲ್ಲ.
ಅವಳು ವ್ಯಾನಿಗೊರಗಿ ನೋಡುತ್ತಾಳೆ
ಕೊನೆಯ ಹೆಜ್ಜೆಯವರೆಗೂ.
ನಾನು ಅವಳ ಮುಖ ನೋಡಲಿಲ್ಲ.

ಹೋದ ತಿಂಗಳ ಙಪಿ ಬಾಟಲಿಯನ್ನು
ಅವನು ಬರಿದಾಗಿ ಹಿಂತಿರುಗಿಸುವುದಿಲ್ಲ.
ತೊಳೆದು, ಮೇಪಲ್ ಮರದ ನೀರು ತುಂಬಿಕೊಟ್ಟಿದ್ದ,
ಕುದಿಸದ್ದು, ಬೆಳಗ್ಗೆಯಷ್ಟೇ ತೊಟ್ಟಿಕ್ಕಿದ್ದು.
ಮುಚ್ಚಳಕ್ಕೆ ಇನ್ನೂ ಮೀನಿನ ವಾಸನೆ.
ಹೆದ್ದಾರಿ ಸೇರುವ ಮುನ್ನ ಅವಳೊಂದು ಗುಟುಕು ಕುಡಿದು
ನನ್ನತ್ತ ಚಾಚಿದಳು.
'ನೀರೇ' ಅಂದೆ.
'ತಡಿ' ಅಂದಳು.