ಎಷ್ಟು ಹಾಕಿದರೂ ಒಂದೇ ಬೆಲೆ

ನಾನು ಬೋರ್ಡು ಹಾಕುವವನು, ಗಾಸ್ಪರ್ ಮೆಡೈರೊಸ್.
ಫ್ರೆಸ್ನೊದಲ್ಲಿ ನೀವು ತಲೆಯೆತ್ತಿ ಓದುವ ಅರ್ಧ ಹೆಸರುಗಳು
ನನ್ನ ಏಣಿ ಹತ್ತಿಯೇ ಮೇಲೆ ಹೋದವು.

ಮೊದಲ ಅಂಗಡಿ ಬ್ಲ್ಯಾಕ್‌ಸ್ಟೋನ್ ರಸ್ತೆಯಲ್ಲಿ,
ಟೈರಿನ ಮಳಿಗೆಗೂ ನಾಣ್ಯದ ಲಾಂಡ್ರಿಗೂ ನಡುವೆ.
ಹ್ರಾಂಟ್ ಮೆಲ್ಕೋನಿಯನ್ ಕೆಳಗೆ ನಿಂತು
ಹಣೆಗೆ ಅಂಗೈ ಅಡ್ಡ ಹಿಡಿದು
"ಎಡಕ್ಕೆ ಚೂರು, ಇನ್ನೂ ಚೂರು" ಅನ್ನುತ್ತ
ನನ್ನ ತಾಳ್ಮೆಯ ಅಳತೆ ತೆಗೆದ.
ಆರು ಅಕ್ಷರ, ಮೆಲ್ಕೋಸ್.
ಓ ಮಾತ್ರ ಕೆಂಪು. ಅಜ್ಜ ಅರ್ಮೇನಿಯಾದಿಂದ
ನೆನಪಲ್ಲಿ ಹೊತ್ತು ತಂದ ಒಲೆಯ ಬಾಯಂತೆ.

ಕೂಲಿಯ ಜೊತೆ ಒಂದು ಪಿಜ್ಜಾ.
ಗಾಜಿನಾಚೆ ಸಾಲಾಗಿ ಮೂವತ್ತೊಂದು ಡಬ್ಬಿ,
ಅಣಬೆ, ಆಲಿವ್, ಸುಜುಕ್, ಹುರಿದ ಬದನೆ.
"ಬೆರಳು ತೋರಿಸು. ಎಷ್ಟು ಹಾಕಿದರೂ ಒಂದೇ ಬೆಲೆ."
ಎಲ್ಲದಕ್ಕೂ ತೋರಿಸಿದೆ, ಆಸೆಗಲ್ಲ,
ಆಡಿದ ಮಾತಿಗೆ ನಿಲ್ಲುತ್ತಾನೋ ನೋಡೋಣವೆಂದು.
ನಿಂತ.
ಮೂರೇ ನಿಮಿಷದಲ್ಲಿ ಅಂಚು ಕಪ್ಪಿಟ್ಟು, ನಡು ಹಸಿಹಸಿ,
ಕೈಗೆತ್ತಿದರೆ ಅಷ್ಟೂ ಭಾರ ಕಾಗದದ ಮೇಲೆ ಕುಸಿಯಿತು.
"ಮುಂದಿನ ಸಲ ನಾಲ್ಕೇ ಹಾಕಿಸ್ಕೋ" ಅಂದ,
ನಕ್ಕಾಗ ಹುಬ್ಬಿನಿಂದ ಹಿಟ್ಟು ಉದುರಿತು.

ಆಮೇಲೆ ಕ್ಲೋವಿಸ್, ವೈಸೇಲಿಯಾ, ಮೊಡೆಸ್ಟೊ.
ಮಧ್ಯಾಹ್ನದ ಸಾಲು ಬಾಗಿಲು ದಾಟಿ ಬಿಸಿಲಿಗೆ ಬಂತು.
ಶಿಕಾಗೋದಿಂದ ಮೂವರು ಬಂದರು,
ಬೂಟಿಗೆ ಹಿಟ್ಟು ಅಂಟದವರು.
ಅವರೂ ಬೆರಳು ತೋರಿಸಿದರು:
ಇಲ್ಲೊಂದು, ಇಲ್ಲೊಂದು, ವಿಮಾನ ನಿಲ್ದಾಣದಲ್ಲೊಂದು,
ಹತ್ತು ವರ್ಷದ ಬಾಡಿಗೆ ಕರಾರು, ಅದರ ಮೇಲೆ ಸಾಲ,
ಸಾಲದ ಮೇಲೆ ಚೀಸಿನಂತೆ ಇನ್ನೊಂದು ಸಾಲ.
ನೂರನಲವತ್ತು ಅಂಗಡಿ.
ಕೆಳಗಿನ ಹಿಟ್ಟು ಮಾತ್ರ ಅಷ್ಟೇ ತೆಳ್ಳಗೆ,
ಈಗ ನೆವಾಡಾದ ಕಾರ್ಖಾನೆಯಿಂದ
ಹೆಪ್ಪುಗಟ್ಟಿ ಬರುವ ಬಿಲ್ಲೆ.

ನಾನೇನು ಕಡಿಮೆಯೇ? ಎರಡನೇ ಲಾರಿ ಕೊಂಡೆ, ಕಂತಿನಲ್ಲಿ.
ಸೋದರಳಿಯನನ್ನು ಕೆಲಸಕ್ಕಿಟ್ಟೆ. ಹಲ್ಲು ಕಟ್ಟಿಸಿದೆ.

ಯಾವಾಗ ತಿರುಗಿತು ಅಂತ ಕೇಳಬೇಡಿ,
ನಾನು ಏಣಿಯ ಮೇಲಿದ್ದೆ.
ಕಚೇರಿಗಳು ಖಾಲಿಯಾದವು, ಸಾಲು ಮತ್ತೆ ಬಾಗಿಲೊಳಗೆ ಹೋಯಿತು,
ಸಾಲಿದ್ದಲ್ಲಿ ಸ್ಕೂಟರಿನ ಹುಡುಗರು, ಕೈಯಲ್ಲಿ ಫೋನು,
ನೂರಕ್ಕೆ ಮೂವತ್ತು ಆ ಫೋನಿಗೆ.
ಎದುರು ರಸ್ತೆಯಲ್ಲಿ ಇನ್ಯಾರದೋ ಹೆಸರು, ಅದೇ ಗಾಜು, ಅದೇ ಡಬ್ಬಿ.
(ಆ ಬೋರ್ಡೂ ನನ್ನದೇ. ಹೊಟ್ಟೆಪಾಡು.)
ಒಂದು ಬೆಳಿಗ್ಗೆ ಶಿಕಾಗೋದ ಫೋನು:
"ತೆಗೆಯೋದಕ್ಕೆ ಎಷ್ಟು?"

ಏರಿಸುವುದಕ್ಕಿಂತ ಇಳಿಸುವುದಕ್ಕೆ ಕೂಲಿ ಹೆಚ್ಚು.
ತೂತು ಮುಚ್ಚಬೇಕು, ಬಣ್ಣ ಹೊಂದಿಸಬೇಕು.
ಆದರೂ ಅಕ್ಷರ ಕಿತ್ತ ಜಾಗದಲ್ಲಿ
ಬಿಸಿಲು ತಾಗದ ಗೋಡೆ ಹೊಸದಾಗೇ ಉಳಿದು
ಅಂಗಡಿ ಹೋದ ಮೇಲೂ ಹೆಸರು ಓದಿಸುತ್ತದೆ.
ವೈಸೇಲಿಯಾದಲ್ಲಿ ಮ್ಯಾನೇಜರ್ ಹುಡುಗಿ
ಕಾರಿನಲ್ಲಿ ಕೂತು ಗೋಡೆಯನ್ನೇ ನೋಡುತ್ತಿದ್ದಳು,
ಎಂಜಿನ್ ಚಾಲೂ ಇತ್ತು.
ಅರವತ್ತೊಂದು ಊರು, ನಾಲ್ಕು ತಿಂಗಳು.
ಬಾಕಿಯವು ಕೋರ್ಟಿನ ಕೈಯಲ್ಲಿ.

ಕಳೆದ ಗುರುವಾರ ಹ್ರಾಂಟ್‌ನ ಫೋನು.
"ಬ್ಲ್ಯಾಕ್‌ಸ್ಟೋನಿನ ಓ ಮಿಟುಕುತ್ತಿದೆ. ದುಡ್ಡು ಆಮೇಲೆ ಕೊಟ್ಟರೆ ನಡೆಯುತ್ತಾ?"
ಹೋದೆ. ಬಾಕಿ ಕಟ್ಟದ್ದಕ್ಕೆ ನೆವಾಡಾದ ಬಿಲ್ಲೆ ನಿಂತಿದೆಯಂತೆ,
ಮೊಣಕೈವರೆಗೆ ಹಿಟ್ಟಾಗಿ ಅವನೇ ನಾದುತ್ತಿದ್ದ.
ಗಲ್ಲಾದಲ್ಲಿ ಕಿಯಾ ಶಿಯೊಂಗ್, ಎರಡು ವಾರದ ಸಂಬಳ ಬಾಕಿ,
ಆದರೂ ಟೊಮೆಟೊ ಕತ್ತರಿಸುತ್ತ ಅವನಿಗೆ ಬೈಯುತ್ತಿದ್ದಳು.
ಡಬ್ಬಿ ಒಂಬತ್ತು.
ನಾಲ್ಕೇ ಹಾಕಿಸಿದೆ.
ಬೆಲೆ ಅದೇ.
ಮಡಿಸಿ ಹಿಡಿದರೆ ನಿಂತಿತು.

ಆ ಕಾಲದ ಕೊಳವೆ ಈಗ ಎಲ್ಲೂ ಸಿಗುವುದಿಲ್ಲ.
ನನ್ನ ಶೆಡ್ಡಿನಲ್ಲಿ ವೈಸೇಲಿಯಾದ ಓ ಬಿದ್ದಿತ್ತು,
ಅದನ್ನೇ ತಂದು ಕೂರಿಸಿದೆ.
ಇದರ ಕೆಂಪು ಬೇರೆ, ಅಳತೆ ತುಸು ದೊಡ್ಡದು,
ಪಕ್ಕದ ಅಕ್ಷರವನ್ನು ತಳ್ಳಿದಂತೆ ಕಾಣುತ್ತದೆ.
ಹ್ರಾಂಟ್ ಹೊರಬಂದು ಹಣೆಗೆ ಕೈ ಹಿಡಿದ.
ಎಡಕ್ಕೆ ಎನ್ನಲಿಲ್ಲ, ಬಲಕ್ಕೆ ಎನ್ನಲಿಲ್ಲ.
ಬಿಲ್ಲಿನಲ್ಲಿ ಏನಂತ ಬರೆಯುವುದು, ದುರಸ್ತಿಯೋ, ಹೊಸದೋ,
ಯೋಚಿಸುತ್ತ ಇನ್ನೂ ಸ್ವಲ್ಪ ಹೊತ್ತು
ಏಣಿಯ ಮೇಲೇ ನಿಂತೆ.